ಈ ಹೊತ್ತು

ಪಾವಿನ ತಳ ನೆಗ್ಗಿತ್ತು.
ಅಳೆದಾಗೆಲ್ಲ ಅಕ್ಕಿ ಒಂದು ಹಿಡಿ ಕಮ್ಮಿಯೇ ಬೀಳುತ್ತಿತ್ತು;
ಅದನ್ನೇ ಉಳಿತಾಯವೆಂದು ಎಣಿಸಿದ್ದೆ,
ಗುತ್ತಿಗೆದಾರ ಏಳು ತಿಂಗಳ ಕೂಲಿ ಕಟ್ಟಿಕೊಂಡು
ಭದ್ರಾವತಿ ಬಿಟ್ಟು ಓಡಿದ ವರ್ಷ.

ಬೆಳಗಿನ ಪಾಳಿಗೆ ಸೈರನ್ ಕೂಗುತ್ತಿತ್ತು, ಬೇರೆಯವರ ಗಂಡಂದಿರಿಗೆ.
ನಾನು ಅಕ್ಕಿಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು
ಕರ್ತನ ಪ್ರಾರ್ಥನೆ ಹೇಳುತ್ತಿದ್ದೆ.
'ಈ ಹೊತ್ತು' ಎಂಬ ಎರಡು ಮಾತು ಬಂದ ಕೂಡಲೇ
ನಾಲಗೆ ಅಲ್ಲೇ ನಿಲ್ಲುತ್ತಿತ್ತು,
ಬಸ್ಸಿಗೆ ಅಡ್ಡ ನಿಂತ ಎಮ್ಮೆಯ ಹಾಗೆ.
ನಾಳೆಯ ಮಾತು ಆಮೇಲೆ, ತಂದೆ. ಈ ಹೊತ್ತು.
ಒಂದು ಗಂಟೆಯ ಒಳಗೆ,
ಮಕ್ಕಳು ಶಾಲೆಯಿಂದ ಊಟಕ್ಕೆ ಬರುವ ಮೊದಲು.

ಬರುತ್ತಿತ್ತು. ಹೇಗೋ.
ಜುಬೇದಾಬಿ ಗೋಡೆಯ ಮೇಲಿಂದ ಅರ್ಧ ಕುಂಬಳಕಾಯಿ ಚಾಚುತ್ತಿದ್ದಳು,
'ಇಟ್ಟರೆ ಕೆಡುತ್ತೆ ಕಣೇ' ಎಂದು ನೆಪ ಹೇಳಿ.
ಒಂದು ದಿನ ಬರಲಿಲ್ಲ. ಆ ದಿನ ಗಂಜಿಯ ತಿಳಿ.
ಆ ದಿನಕ್ಕೂ ಸಂಜೆಯಾಯಿತು.

ಕಷ್ಟದಲ್ಲಿ ದೇವರು ಹತ್ತಿರವಾಗುತ್ತಾನೆ, ಎಂದರು ಸಭಾಪಾಲಕರು.
ನಮ್ಮ ಯಜಮಾನರಿಗೆ ಹಾಗಾಗಲಿಲ್ಲ.
ಅದೇ ಮನೆ, ಅದೇ ಗಂಜಿ, ಬರಿದಾದ ಡಬ್ಬಿಯ ಅದೇ ಸದ್ದು.
ಬೈಬಲ್ಲಿನೊಳಗೆ ಸಾಲದ ಚೀಟಿಗಳನ್ನಿಟ್ಟರು,
ಆಮೇಲೆ ಚೀಟಿ ತೆಗೆಯಲಿಕ್ಕೆ ಮಾತ್ರ ಅದನ್ನು ತೆರೆದರು.
ಭಾನುವಾರದ ಗಂಟೆ ಹೊಡೆದರೆ
ಚಪ್ಪಲಿ ಮೆಟ್ಟಿ ಹೊಳೆಯ ಸೇತುವೆ ಕಡೆ ಹೊರಟುಬಿಡುತ್ತಿದ್ದರು.
'ಕೇಳಿಸಿಕೊಳ್ಳುವವನಾಗಿದ್ದರೆ ಏಳು ತಿಂಗಳು ಬೇಕಿತ್ತಾ?'
ಅಂದವರಿಗೆ ನಾನು ಕೊಟ್ಟ ಉತ್ತರ: ಊಟಕ್ಕೆ ಬನ್ನಿ.
ಅವರು ತೀರಿಕೊಂಡರು, ವಾದ ತೀರಲಿಲ್ಲ.
ಕೆಟ್ಟವರಲ್ಲ ಅವರು. ಅದನ್ನು ನೀನೂ ಬಲ್ಲೆ.

ಈಗ ಎರಡು ಹಾಸ್ಟೆಲ್ಲಿಗೆ ನಾನೇ ಅಡುಗೆ ಕಳಿಸುತ್ತೇನೆ,
ದಿನಕ್ಕೆ ನೂರಾ ಅರವತ್ತು ಊಟ.
ಹಿಂದಿನ ಕೋಣೆಯಲ್ಲಿ ಒಂದಾಳುದ್ದದ ಫ್ರೀಜರ್
(ಹೆಣದ ಪೆಟ್ಟಿಗೆ ಅನ್ನುತ್ತಾನೆ ಮೊಮ್ಮಗ),
ತುಂಬ ಬಟಾಣಿ, ಕೋಳಿ, ತುರಿದ ಕಾಯಿ.
ಅದೇ ಪ್ರಾರ್ಥನೆ ಈಗಲೂ ಹೇಳುತ್ತೇನೆ, ತಪ್ಪದೆ,
ಎಣ್ಣೆಯ ಟಿನ್ನು ಎಣಿಸುತ್ತಾ.
'ಈ ಹೊತ್ತು' ಯಾವಾಗ ದಾಟಿತೋ ತಿಳಿಯುವುದೇ ಇಲ್ಲ,
ರಾತ್ರಿ ರೈಲಿನಲ್ಲಿ ತೂಕಡಿಸಿದವಳಿಗೆ
ತನ್ನೂರಿನ ಸ್ಟೇಷನ್ ದಾಟಿಹೋದ ಹಾಗೆ.

ವಂದನೆ ಹೇಳುವುದರಲ್ಲಿ ನಿನಗೆ ಕಮ್ಮಿ ಮಾಡಿಲ್ಲ.
ಸಭೆಗೆ ನಾಲ್ಕು ಫ್ಯಾನು ಕೊಟ್ಟೆ, ರೆಕ್ಕೆಗೆ ಹೆಸರು ಬರೆಸಿ.
ತಿರುಗುವಾಗ ಹೆಸರು ಕಾಣುವುದಿಲ್ಲ, ಅದು ಬೇರೆ ಮಾತು.
ಕೇಳುವುದೇ ನಿಂತುಹೋಗಿದೆ.

ಕಳೆದ ವಾರ ಟ್ರಾನ್ಸ್‌ಫಾರ್ಮರ್ ಸುಟ್ಟಿತು.
ಒಂದು ಹಗಲು, ಅರ್ಧ ರಾತ್ರಿ.
ಫ್ರೀಜರಿನ ಅಡಿಯಿಂದ ನೀರು ಹೊರಟು ಹೊಸಿಲು ಮುಟ್ಟಿತು.
ಮೇಣದಬತ್ತಿ ಹಿಡಿದು ಬೀದಿಯುದ್ದಕ್ಕೂ ಬಟಾಣಿ ಹಂಚಿದೆ.
ಜುಬೇದಾಬಿಗೆ ಎರಡು ಕೋಳಿ: 'ಇಟ್ಟರೆ ಕೆಡುತ್ತೆ ಕಣೇ.'
ನಕ್ಕಳು. ಈಗ ಅವಳಿಗೆ ಹಲ್ಲಿಲ್ಲ.

ಮನೆಗೆ ಬಂದು, ಖಾಲಿ ಫ್ರೀಜರಿನ ಮುಚ್ಚಳದ ಮೇಲೆ
ಕೈ ತಾನಾಗಿ ಹೋಯಿತು.
ಆ ಎರಡು ಮಾತಿನ ಹತ್ತಿರ ನಾಲಗೆ ನಿಂತಿತು,
ಅದೇ ಹಳೆಯ ಎಮ್ಮೆ.
ನಿಂತೇ ಇತ್ತು.
ಎಷ್ಟೋ ವರ್ಷದ ಮೇಲೆ ನನ್ನ ಉಸಿರು ನನಗೆ ಕೇಳಿಸುತ್ತಿತ್ತು.
ಕರೆಂಟು ಬಂತು.
ಫ್ರೀಜರ್ ಗುರ್ರೆಂದು
ನನಗಿಂತ ಮೊದಲೇ ಆಮೆನ್ ಅಂದಿತು.

ಖುಷಿಯಾಯಿತು ನನಗೆ. ನಿನ್ನೆದುರು ಸುಳ್ಳಾಡಲಾರೆ.
ಆ ವರ್ಷ ಮತ್ತೆ ಬೇಡ, ತಂದೆ,
ಗಂಜಿಯ ತಿಳಿ ಬೇಡ, ಸೇತುವೆಯಿಂದ ಮರಳಿದ ಅವರ ಮುಖ ಬೇಡ.
ಹಸಿವನ್ನು ಹೊಗಳುವವರೆಲ್ಲ ಉಂಡವರು.
ಆದರೂ ನೆಗ್ಗಿದ ಪಾವನ್ನು
ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ.

ಬೆಳಿಗ್ಗೆ ಬಟಾಣಿಯವನು ಬರುತ್ತಾನೆ.
ಮೂವತ್ತು ಕಿಲೋ ಹೇಳಿಟ್ಟಿದ್ದೇನೆ.
ಇಪ್ಪತ್ತೈದು ಹೇಳಬೇಕಿತ್ತೇನೋ.